ಪರದೆಯಿಲ್ಲದೆ ಗಣಕೀಯ ಚಿಂತನೆ: ಸೀಮೆಸುಣ್ಣ, ಚೀಟಿ ಮತ್ತು ಹುಣಸೆಬೀಜದ ಪಾಠಗಳು

ಶಾಲೆಯಲ್ಲಿ ಒಂದು ಕಂಪ್ಯೂಟರ್ ಕೂಡ ಇಲ್ಲದಿರುವುದು ಗಣಕೀಯ ಚಿಂತನೆಯನ್ನು ಕಲಿಸಲು ಅಡ್ಡಿಯಲ್ಲ. ದೊಡ್ಡ ಸಮಸ್ಯೆಯನ್ನು ಸಣ್ಣ ಹಂತಗಳಾಗಿ ಒಡೆಯುವುದು, ಮರುಕಳಿಸುವ ಭಾಗವನ್ನು ಗುರುತಿಸುವುದು, ಸ್ವಂತ ವಿವೇಚನೆಯಿಲ್ಲದ ಯಂತ್ರವೂ ಪಾಲಿಸಬಲ್ಲಷ್ಟು ಸ್ಪಷ್ಟವಾಗಿ ಆ ಹಂತಗಳನ್ನು ಬರೆಯುವುದು, ಫಲ ತಪ್ಪಿ ಬಂದರೆ ತಪ್ಪು ಯಾವ ಹಂತದಲ್ಲಿದೆಯೆಂದು ಹುಡುಕುವುದು ಇದರ ತಿರುಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇದಕ್ಕೆ ಬುನಾದಿ ಹಂತದಿಂದಲೇ, ಒಗಟು ಮತ್ತು ಆಟಗಳ ಮೂಲಕ ಒತ್ತು ಕೊಡಬೇಕೆಂದು ಹೇಳುತ್ತದೆ. ಕೋಡಿಂಗ್ ಚಟುವಟಿಕೆಗಳನ್ನು ಅದು 6ನೇ ತರಗತಿಯಿಂದ ಆಚೆಗೆ ಇಟ್ಟಿದೆ. ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳನ್ನು ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲೇ ರೂಪಿಸಿದ್ದರು. ಕೆಳಗಿನ ಕೆಲವು ಆಟಗಳು ಅದೇ ದಾರಿಯವು, ಕೆಲವು ನಮ್ಮ ಜಗಲಿಯವು. 4ರಿಂದ 7ನೇ ತರಗತಿಯವರೆಗೆ ಇವನ್ನು ಆಡಿಸಬಹುದು.

ಮೊದಲ ಆಟಕ್ಕೆ ಬೇಕಾದದ್ದು ಸೀಮೆಸುಣ್ಣ ಮತ್ತು ಹಳೆಯ ಕ್ಯಾಲೆಂಡರಿನ ಹಾಳೆಗಳು. ನೆಲದ ಮೇಲೆ ಉದ್ದಕ್ಕೆ 5, ಅಡ್ಡಕ್ಕೆ 5 ಮನೆಗಳ ಚೌಕ ಬರೆಯಿರಿ. ಹಾಳೆಗಳನ್ನು ಚೀಟಿಗಳಾಗಿ ಕತ್ತರಿಸಿ, ‘ಮುಂದೆ’, ‘ಎಡಕ್ಕೆ ತಿರುಗು’, ‘ಬಲಕ್ಕೆ ತಿರುಗು’ ಎಂಬ ಮೂರು ಬಗೆಯ ಆದೇಶಗಳನ್ನು ಹತ್ತಾರು ಪ್ರತಿಗಳಲ್ಲಿ ಬರೆದಿಡಿ. ತಂಡದಲ್ಲಿ ನಾಲ್ಕೈದು ಮಕ್ಕಳಿರಲಿ. ಒಬ್ಬರು ಯಂತ್ರ, ಇಬ್ಬರು ಆದೇಶಗಳನ್ನು ಜೋಡಿಸುವವರು, ಉಳಿದವರು ಪರೀಕ್ಷಕರು. ಯಂತ್ರವಾದ ಮಗು ಕೆಳಗಿನ ಎಡಮೂಲೆಯಲ್ಲಿ ಕರಿಹಲಗೆಗೆ ಮುಖಮಾಡಿ ನಿಲ್ಲಲಿ. ಅಲ್ಲಿಂದ 3 ಮನೆ ಮೇಲೆ, 2 ಮನೆ ಬಲಕ್ಕೆ ಒಂದು ಮಾವಿನಕಾಯಿಯನ್ನೋ ಕಲ್ಲನ್ನೋ ಇಡಿ.

ಆಟದ ಜೀವ ಇರುವುದು ಎರಡು ನಿಯಮಗಳಲ್ಲಿ. ಎಲ್ಲ ಚೀಟಿಗಳನ್ನೂ ಸಾಲಾಗಿ ಇಟ್ಟು ಮುಗಿಸಿದ ಮೇಲಷ್ಟೇ ಯಂತ್ರ ಚಲಿಸಬೇಕು, ಮತ್ತು ಚಲಿಸುವಾಗ ಅದು ತನ್ನ ಬುದ್ಧಿಯನ್ನು ಬಳಸಬಾರದು. ಮೊದಲ ಪ್ರಯತ್ನದಲ್ಲಿ ಮಕ್ಕಳು ಸಾಮಾನ್ಯವಾಗಿ ಎಡವುವುದು ತಿರುವಿನಲ್ಲಿ: ‘ಬಲಕ್ಕೆ ತಿರುಗು’ ಎಂದರೆ ತಿರುಗಿ ಒಂದು ಹೆಜ್ಜೆ ಇಡುವುದೂ ಸೇರಿದೆ ಎಂದುಕೊಳ್ಳುತ್ತಾರೆ, ಇಲ್ಲವೇ ಯಂತ್ರದ ಬಲವನ್ನು ಬಿಟ್ಟು ತಮ್ಮ ಬಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆಗ ಶಿಕ್ಷಕರು ಬಾಯಿ ಬಿಡಬಾರದು. ಯಂತ್ರ ತಪ್ಪು ಮನೆಗೆ ಹೋಗಿ ನಿಲ್ಲಲಿ. ಪರೀಕ್ಷಕರು ಮೊದಲಿನಿಂದ ಒಂದೊಂದೇ ಚೀಟಿ ಓದುತ್ತಾ, ಯಂತ್ರ ದಾರಿ ತಪ್ಪಿದ ಚೀಟಿಯ ಮೇಲೆ ಬೆರಳಿಡಲಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ ಮಾಡಿ ಮತ್ತೆ ಆರಂಭದಿಂದ ನಡೆಸಬೇಕು. ನಲವತ್ತು ನಿಮಿಷದ ಅವಧಿಯಲ್ಲಿ ಅರ್ಧದಷ್ಟು ಈ ಹುಡುಕಾಟಕ್ಕೇ ಹೋದರೂ ಅದು ವ್ಯರ್ಥವಲ್ಲ, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಪಾಠ ಇರುವುದೇ ಅಲ್ಲಿ. ತಪ್ಪನ್ನು ನಾವೇ ತೋರಿಸಿಕೊಟ್ಟರೆ ಮಕ್ಕಳಿಗೆ ಉಳಿಯುವುದು ಕುಣಿದಾಟ ಮಾತ್ರ.

ಗುರಿ ಮುಟ್ಟಿದ ತಂಡಗಳ ಉತ್ತರಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆಯಿಸಿ. ಮೊದಲು ಮೇಲಕ್ಕೆ ಹೋಗಿ ಆಮೇಲೆ ಬಲಕ್ಕೆ ತಿರುಗಿದವರಿಗೆ 6 ಚೀಟಿ ಸಾಕಾಗಿರುತ್ತದೆ. ಮೊದಲು ಬಲಕ್ಕೆ ತಿರುಗಿ ಹೊರಟವರು ಮತ್ತೆ ಎಡಕ್ಕೆ ತಿರುಗಬೇಕಾಗಿ 7 ಚೀಟಿ ಬಳಸಿರುತ್ತಾರೆ. ಎರಡೂ ಸರಿ, ಆದರೆ ವೆಚ್ಚ ಬೇರೆ. ‘ಮುಂದೆ’ ಎಂಬ ಮೂರು ಚೀಟಿಗಳ ಬದಲು ‘3 ಬಾರಿ ಮುಂದೆ’ ಎಂದು ಬರೆಯಬಹುದಲ್ಲವೇ ಎಂದು ಯಾವುದಾದರೂ ಮಗು ಕೇಳಿದಾಗ ‘ಲೂಪ್’ ಎಂಬ ಪದವನ್ನು ಪರಿಚಯಿಸಿ. ಅದಕ್ಕೆ ಮೊದಲು ಬೇಡ.

ಎರಡನೆಯ ಆಟ ವಿಂಗಡಣೆಯದು, ಇದನ್ನು ಭಾಷೆಯ ಅವಧಿಯಲ್ಲೂ ಆಡಿಸಬಹುದು. ನೆಲದ ಮೇಲೆ 1ರಿಂದ 4ರವರೆಗೆ ನಾಲ್ಕು ಸ್ಥಾನಗಳನ್ನು ಗುರುತಿಸಿ, ನಾಲ್ವರ ಕೈಗೆ ಒಂದೊಂದು ಸಂಖ್ಯೆಯ ಚೀಟಿ ಕೊಟ್ಟು ಹೇಗೆ ಬೇಕಾದರೂ ನಿಲ್ಲಿಸಿ. ಇಬ್ಬರು ಭೇಟಿಯಾದಾಗಲೆಲ್ಲ ಚಿಕ್ಕ ಸಂಖ್ಯೆಯವರು ಚಿಕ್ಕ ಸ್ಥಾನಕ್ಕೆ, ದೊಡ್ಡವರು ದೊಡ್ಡ ಸ್ಥಾನಕ್ಕೆ ಹೋಗಬೇಕು. ಮೊದಲ ಸುತ್ತಿನಲ್ಲಿ 1 ಮತ್ತು 2ನೇ ಸ್ಥಾನದವರು, ಅದೇ ಹೊತ್ತಿಗೆ 3 ಮತ್ತು 4ನೇ ಸ್ಥಾನದವರು ಹೋಲಿಸಿಕೊಳ್ಳಲಿ. ಎರಡನೆಯ ಸುತ್ತಿನಲ್ಲಿ 1 ಮತ್ತು 3, ಹಾಗೆಯೇ 2 ಮತ್ತು 4. ಇಷ್ಟಾದಾಗ ಎಲ್ಲಕ್ಕಿಂತ ಚಿಕ್ಕದು 1ರಲ್ಲಿ, ಎಲ್ಲಕ್ಕಿಂತ ದೊಡ್ಡದು 4ರಲ್ಲಿ ಬಂದು ನಿಂತಿರುತ್ತದೆ. ಹೀಗಾಗಿ ಮೂರನೆಯ ಸುತ್ತಿನಲ್ಲಿ ನಡುವಿನ 2 ಮತ್ತು 3 ಮಾತ್ರ ಹೋಲಿಸಿಕೊಂಡರೆ ಸಾಲು ಸರಿಯಾಗುತ್ತದೆ. ಹೋಲಿಕೆಗಳು 5, ಆದರೆ ಸುತ್ತುಗಳು 3 ಮಾತ್ರ. ಹಲವು ಕೈಗಳು ಏಕಕಾಲಕ್ಕೆ ದುಡಿದರೆ ಸಮಯ ಹೇಗೆ ಉಳಿಯುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಆಟ ನನಗೆ ಗೊತ್ತಿಲ್ಲ. ಹೇಗೆ ನಿಲ್ಲಿಸಿದರೂ ಇದು ಫಲಿಸುವುದೇ ಎಂದು ಮಕ್ಕಳೇ ಪರೀಕ್ಷಿಸಲಿ. ಒಟ್ಟು 24 ಕ್ರಮಗಳಿವೆ, ಒಂದೆರಡು ಅವಧಿಗಳಲ್ಲಿ ಎಲ್ಲವನ್ನೂ ಮುಗಿಸಬಹುದು.

ಮರುದಿನ ಸಂಖ್ಯೆಗಳ ಬದಲು ಕಮಲ, ಕಪ್ಪು, ಕಪಿ, ಕಾಗೆ ಎಂಬ ಪದಗಳನ್ನು ಕೊಡಿ. ಕಪಿ ಮೊದಲೋ ಕಪ್ಪು ಮೊದಲೋ ಎಂಬ ವಾದ ಹುಟ್ಟಲಿ, ನಿಘಂಟು ತೆರೆಯಲಿ. ಪಕಾರದ ಗುಣಿತಾಕ್ಷರಗಳು ಮುಗಿದ ಮೇಲೆ ಒತ್ತಕ್ಷರ ಬರುವುದರಿಂದ ಕಪಿಯೇ ಮೊದಲು. ಹೋಲಿಸುವ ನಿಯಮ ಮೊದಲೇ ನಿಗದಿಯಾಗದೆ ಯಂತ್ರ ಏನನ್ನೂ ವಿಂಗಡಿಸಲಾರದು ಎಂಬುದು ಆ ವಾದದಿಂದಲೇ ಅವರಿಗೆ ತಿಳಿಯುತ್ತದೆ.

0 ಮತ್ತು 1 ಎಂಬ ಎರಡೇ ಅಂಕೆಗಳಲ್ಲಿ ಬರೆಯುವ ದ್ವಿಮಾನ ಸಂಖ್ಯೆಗಳಿಗೆ ಬೆಳಗಿನ ಪ್ರಾರ್ಥನಾ ಸಭೆ ಒಳ್ಳೆಯ ಜಾಗ. 16, 8, 4, 2, 1 ಚುಕ್ಕೆಗಳಿರುವ ಐದು ರಟ್ಟುಗಳನ್ನು ನೋಡುವವರ ಎಡದಿಂದ ಬಲಕ್ಕೆ ಐವರು ಹಿಡಿದು ನಿಲ್ಲಲಿ. ಪ್ರತಿ ರಟ್ಟು ಒಂದೋ ಚುಕ್ಕೆಗಳಿರುವ ಮುಖ ತೋರಿಸುತ್ತದೆ, ಇಲ್ಲವೇ ಬೆನ್ನು; ಮುಖವೆಂದರೆ 1, ಬೆನ್ನೆಂದರೆ 0. ದಿನಾಂಕ 13 ಆದರೆ 8, 4, 1 ಮುಖ ತೋರಿಸುತ್ತವೆ, ಅಂದರೆ 01101. ಐದೂ ಸೇರಿದರೆ 31 ಆಗುವುದರಿಂದ ತಿಂಗಳ ಯಾವ ದಿನಾಂಕಕ್ಕೂ ಆರನೆಯ ರಟ್ಟು ಬೇಕಾಗುವುದಿಲ್ಲ. ಹತ್ತು ನಿಮಿಷ ಉಳಿದ ದಿನ ಸಂಖ್ಯೆ ಊಹಿಸುವ ಆಟ ಆಡಿಸಿ: 1ರಿಂದ 100ರೊಳಗಿನ ಸಂಖ್ಯೆಯನ್ನು, ಪ್ರತಿ ಪ್ರಶ್ನೆಗೂ ಉಳಿದದ್ದನ್ನು ಅರ್ಧ ಮಾಡುತ್ತಾ ಹೋದರೆ, ಹೌದು ಅಥವಾ ಅಲ್ಲ ಎಂಬ 7 ಉತ್ತರಗಳಲ್ಲಿ ಹಿಡಿಯಬಹುದು.

ವರ್ಷದ ಕೊನೆಗೆ ಅಳಗುಳಿಮಣೆಯನ್ನು ಇಟ್ಟುಕೊಳ್ಳಿ. 14 ಗುಳಿಗಳು, ಹುಣಸೆಬೀಜಗಳು. ಬೀಜ ಹಂಚುತ್ತಾ ಹೋಗಿ, ಕೈ ಬರಿದಾದರೆ ಮುಂದಿನ ಗುಳಿಯಿಂದ ಮತ್ತೆ ಎತ್ತಿಕೊಳ್ಳುವುದು ಅಚ್ಚುಕಟ್ಟಾದ ಒಂದು ಲೂಪ್. ಪ್ರತಿ ತಂಡವೂ ತಮ್ಮ ಮನೆಯಲ್ಲಿ ಆಡುವ ನಿಯಮಗಳನ್ನು, ಈ ಆಟವನ್ನು ಎಂದೂ ನೋಡದವರಿಗಾಗಿ ಬರೆಯಲಿ. ಬಳಿಕ ಹಾಳೆಗಳನ್ನು ಅದಲುಬದಲು ಮಾಡಿ, ಬರೆದಿರುವಷ್ಟನ್ನೇ ಪಾಲಿಸಿ ಆಡಲು ಹೇಳಿ. ಗುಳಿಗೆ 4 ಬೀಜವೋ 5 ಬೀಜವೋ, ಮುಂದಿನ ಗುಳಿ ಖಾಲಿಯಿದ್ದರೆ ಏನು ಮಾಡಬೇಕು, ಆಟ ಯಾವಾಗ ಮುಗಿಯುತ್ತದೆ ಎಂಬಂಥ ಪ್ರಶ್ನೆ ಎದ್ದಲ್ಲಿ ಆಡುವವರು ಕೈ ನಿಲ್ಲಿಸಿ, ಹಾಳೆಯ ಆ ಸಾಲಿನ ಪಕ್ಕದಲ್ಲಿ ಗುರುತು ಹಾಕಿ, ಬರೆದ ತಂಡಕ್ಕೆ ತಿದ್ದಲು ಹಿಂತಿರುಗಿಸಲಿ.