ಗುಜರಿಗೆ ಹಾಕಿ ಅಂದಿದ್ದ ಏಳು ಲ್ಯಾಪ್‌ಟಾಪ್‌ಗಳಲ್ಲಿ ಐದು ಓಡುತ್ತಿವೆ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನನ್ನದು ಟೈಪಿಂಗ್, ಜೆರಾಕ್ಸ್ ಅಂಗಡಿ. ಸಂಜೆ ಹುಡುಗರಿಗೆ ಕಂಪ್ಯೂಟರ್ ಕ್ಲಾಸ್. ಏಳು ಲ್ಯಾಪ್‌ಟಾಪ್, ಎಲ್ಲವೂ 2012–13ರ ಥರ್ಡ್ ಜನರೇಶನ್ ಐ5 ಪ್ರೊಸೆಸರ್‌ನವು. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಅಂತ ಮೊದಲೇ ಗೊತ್ತಿತ್ತು. ವಿಂಡೋಸ್ 11 ಕಡಿಮೆ ಅಂದರೂ ಏಯ್ತ್ ಜನರೇಶನ್ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಕೇಳುತ್ತದೆ. ಚೆನ್ನಾಗಿ ಓಡೋ ಮಷಿನ್‌ಗಳನ್ನ ಹೀಗೆ ಹೊರಗಿಟ್ಟರೆ ಸಿಟ್ಟು ಬರಲ್ವಾ?

"ಗುಜರಿಗೆ ಹಾಕ್ರಿ ಅಣ್ಣಾ, ಹೊಸವು ತರ್ರಿ" ಅಂದ ರಿಪೇರಿ ಹುಡುಗ. ಏಳು ಹೊಸವು ಅಂದರೆ ಎರಡೂವರೆ ಲಕ್ಷ. ನನ್ನ ಕೈಲಿ ಆಗೋದಲ್ಲ.

ಆ ವರ್ಷದ ಬೇಸಿಗೆಯಲ್ಲೇ ಕೈ ಹಾಕಿದೆ. ಹಳೇ ಹಾರ್ಡ್ ಡಿಸ್ಕ್ ಜಾಗಕ್ಕೆ ವೇಗದ 240 ಜಿಬಿ ಎಸ್‌ಎಸ್‌ಡಿ, ಸೆಕೆಂಡ್ ಹ್ಯಾಂಡ್ ರ‍್ಯಾಮ್, ವಿಂಡೋಸ್ ಥರದ್ದೇ ಆದರೆ ಹಗುರವಾದ, ಉಚಿತ ಸಿಸ್ಟಮ್ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ. ಮೊದಲ ವಾರ ಜಿಂಕೆ ಥರ ಓಡಿದವು. ಆಮೇಲೆ ಮಧ್ಯಾಹ್ನ ಎರಡಾದರೆ ಒಂದೊಂದೇ ತಾನಾಗಿ ಆಫ್. ಎಸ್‌ಎಸ್‌ಡಿ ಬದಲಿಸಿದೆ, ಚಾರ್ಜರ್ ಬದಲಿಸಿದೆ, ದುಡ್ಡು ಸುಮ್ನೆ ಹೋಯಿತು. ಕೊನೆಗೆ ಫ್ಯಾನ್ ಬಿಚ್ಚಿ ನೋಡಿದರೆ ಬಿಸಿ ಹೊರಹಾಕೋ ಹೀಟ್‌ಸಿಂಕ್ ಬಾಯಿಗೆ ಕೆಂಪು ಧೂಳು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ನಮ್ಮೂರ ಅದಿರು ಲಾರಿಗಳ ಧೂಳು! ವರ್ಷಗಟ್ಟಲೆ ಹೊರಗಿಂದ ಬ್ಲೋವರ್ ಹೊಡೆದು ನಾನೇ ಅದನ್ನ ಒಳಗೆ ತುರುಕಿದ್ದೆ. ಫ್ಯಾನ್ ತೆಗೆಯದೆ ಅದು ಬರೋದಿಲ್ಲ. ಪ್ರೊಸೆಸರ್ ಬಿಸಿಯನ್ನ ಹೀಟ್‌ಸಿಂಕ್‌ಗೆ ದಾಟಿಸೋಕೆ ಅರವತ್ತು ರೂಪಾಯಿಯ ಬಿಳಿ ಪೇಸ್ಟ್ ಹಚ್ಚಿದ್ದು ಎರಡೇ ತಿಂಗಳಲ್ಲಿ ಒಣಗಿತು. ಮುನ್ನೂರೈವತ್ತರದ್ದು ತಂದೆ. 95 ಡಿಗ್ರಿ ಮುಟ್ಟುತ್ತಿದ್ದದ್ದು ಈಗ 70ರ ಆಸುಪಾಸು.

ಜಾಸ್ತಿ ಪೆಟ್ಟು ಬಿದ್ದಿದ್ದು ಬ್ಯಾಟರಿಯಲ್ಲಿ. ಪ್ಯಾಕ್ ಒಳಗಿನ ಆರು 18650 ಲಿಥಿಯಂ ಸೆಲ್ ಬದಲಿಸಿದರೆ ಸಾಕು ಅಂದುಕೊಂಡೆ. ಹಳೇ ಸೆಲ್ ಕಿತ್ತ ಕೂಡಲೇ ಪ್ಯಾಕ್‌ನ ಕಂಟ್ರೋಲ್ ಬೋರ್ಡ್ ಲಾಕ್ ಆಯಿತು. ಎರಡು ಪ್ಯಾಕ್, ಹತ್ತಿರ ಹತ್ತಿರ 2,400 ರೂಪಾಯಿ ನೀರುಪಾಲು. ಮೂರನೆಯದು ಗೆದ್ದೆ. ಬೋರ್ಡ್‌ಗೆ ಒಂದು ಕ್ಷಣವೂ ವೋಲ್ಟೇಜ್ ತಪ್ಪಬಾರದು, ಇಷ್ಟು ಹೇಳುತ್ತೇನೆ. ಯಾವ ವೈರು ಮೊದಲು ಅನ್ನೋದು ನನ್ನ ಹತ್ತಿರವೇ ಇರಲಿ, ಅದಕ್ಕೆ ಸಾಕಷ್ಟು ಕಳೆದುಕೊಂಡಿದ್ದೇನೆ. ಸೆಲ್‌ಗೆ ನೇರ ಸೋಲ್ಡರ್ ಮಾತ್ರ ಮಾಡಬೇಡಿ, ಬೆಂಕಿಯ ಮಾತದು. ಇ-ಸ್ಕೂಟರ್ ಬ್ಯಾಟರಿ ಮಾಡುವವರ ಹತ್ತಿರ ಸ್ಪಾಟ್ ವೆಲ್ಡ್ ಮಾಡಿಸಿದೆ.

ನಡುವೆ ಒಂದು ಹಳೇ ಫೋನನ್ನ ಅಂಗಡಿ ಬಾಗಿಲಿಗೆ ಕ್ಯಾಮೆರಾ ಮಾಡಿಟ್ಟೆ. ದಿನಪೂರ್ತಿ ಚಾರ್ಜಿಗೆ ಹಾಕಿದ್ದಕ್ಕೆ ಬ್ಯಾಟರಿ ಉಬ್ಬಿತು. ಬ್ಯಾಟರಿ ಬದಲಿಸಿ, ಟೈಮರ್ ಸಾಕೆಟ್‌ನಲ್ಲಿ ಆಗಾಗ ಸ್ವಲ್ಪ ಹೊತ್ತು ಮಾತ್ರ ಚಾರ್ಜ್ ಮಾಡುತ್ತಿದ್ದೇನೆ. ಇಲ್ಲಿಯವರೆಗೆ ತೊಂದರೆ ಇಲ್ಲ.

"ಲಿನಕ್ಸ್‌ನಲ್ಲಿ ನುಡಿ ಹೇಗೆ?" ಅಂತ ಎಲ್ಲರೂ ಕೇಳಿದರು. ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ನುಡಿ ಥರದ್ದೇ ಕೀ ಜೋಡಣೆ ಕಗಪ ಇದೆ, ಬೆರಳಿಗೆ ಹೆಚ್ಚು ಹೊಸ ಪಾಠ ಬೇಕಿಲ್ಲ. ಹಳೇ ನುಡಿ ಫಾಂಟಿನ ಫೈಲ್‌ಗಳು ಮಾತ್ರ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಅದಕ್ಕೆ ಅಂತ ಐದರಲ್ಲಿ ಒಂದನ್ನ ವಿಂಡೋಸ್‌ನಲ್ಲೇ ಇಟ್ಟಿದ್ದೇನೆ, ಇಂಟರ್‌ನೆಟ್ ಕೊಟ್ಟಿಲ್ಲ.

ದಂಡ ಹೋದದ್ದೂ ಸೇರಿ ಒಟ್ಟು ಹದಿನಾರು–ಹದಿನೇಳು ಸಾವಿರ ಆಗಿರಬಹುದು. ಎರಡರ ಮದರ್‌ಬೋರ್ಡ್ ಉಳಿಯಲಿಲ್ಲ. ಅವುಗಳ ಸ್ಕ್ರೀನ್, ಕೀಬೋರ್ಡ್, ಹಿಂಜ್ ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದೇನೆ. ಹೋದ ವಾರ ಒಂದು ಹಿಂಜ್ ಕೆಲಸಕ್ಕೆ ಬಂತು, ಅದೇ ರಿಪೇರಿ ಹುಡುಗನ ಗಿರಾಕಿಗೆ.