ಅರ್ಥಶಾಸ್ತ್ರದವರ ಕೈಗೆ ಬ್ಯುರೆಟ್, ರಸಾಯನಶಾಸ್ತ್ರದವರ ಕೈಗೆ ಪ್ರಶ್ನಾವಳಿ

ಮೈಸೂರಿನ ನಮ್ಮ ಪರಿಸರ ಅಧ್ಯಯನದ ಗುಂಪಿಗೆ ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳು ಬರುತ್ತಾರೆ. ಮೊದಲ ಆರು ವಾರ ಯಾರಿಗೂ ಸಂಶೋಧನೆಯ ವಿಷಯ ಕೊಡುವುದಿಲ್ಲ. ಜೋಡಿ ಮಾಡಿ, ಒಬ್ಬರ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸುತ್ತೇವೆ. ಪಕ್ಕದ ವಿಭಾಗದ ಅಂಕಿ ಎಲ್ಲಿ ಕೆಡುತ್ತದೆ ಎಂಬುದು ತಾವೇ ಒಮ್ಮೆ ಕೆಡಿಸಿ ನೋಡಿದವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಶುರು ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಗೆ ಅಂಟಿಕೊಂಡಿರುವ ಕುಕ್ಕರಹಳ್ಳಿ ಕೆರೆಯಿಂದ. ಅನುಮತಿ ಪತ್ರ ಮೊದಲೇ ಕೈಯಲ್ಲಿರಬೇಕು. ಕರಗಿದ ಆಮ್ಲಜನಕ ಅಳೆಯುವುದು ಅರ್ಥಶಾಸ್ತ್ರದವರ ಪಾಲು. 300 ಮಿ.ಲೀ. ಗಾಜಿನ ಬಾಟಲಿಯ ತಳಕ್ಕೆ ರಬ್ಬರ್ ನಳಿಕೆ ಇಳಿಸಿ, ನೀರು ತುಂಬಿ ಹೊರಚೆಲ್ಲುವವರೆಗೆ ಬಿಡಬೇಕು. ಒಂದು ಗುಳ್ಳೆ ಉಳಿದರೂ ಅಂಕಿ ಏರುತ್ತದೆ. ಅಲ್ಲೇ ದಡದಲ್ಲಿ ಮ್ಯಾಂಗನೀಸ್ ಸಲ್ಫೇಟ್ 1 ಮಿ.ಲೀ., ಕ್ಷಾರೀಯ ಅಯೊಡೈಡ್-ಅಜೈಡ್ 1 ಮಿ.ಲೀ. ಹಾಕಿ, ಮುಚ್ಚಿ, ತಲೆಕೆಳಗು ಮಾಡಿ ಕಲಕಬೇಕು. ಕಂದು ಗಸಿ ಬಂದರೆ ಆಮ್ಲಜನಕ ಇದೆ, ಬಿಳಿಯಾಗಿಯೇ ಉಳಿದರೆ ಇಲ್ಲ. ಗಸಿ ಕೂತ ಮೇಲೆ ಗಾಢ ಗಂಧಕಾಮ್ಲ 1 ಮಿ.ಲೀ.; ಕೈಗವಸು, ಕನ್ನಡಕ ಇಲ್ಲದೆ ಆಮ್ಲ ಮುಟ್ಟಕೂಡದು. ಪ್ರಯೋಗಾಲಯದಲ್ಲಿ 201 ಮಿ.ಲೀ. ತೆಗೆದುಕೊಂಡು 0.025 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದರೆ, ಅಂದರೆ ಅದನ್ನು ಬ್ಯುರೆಟ್ ಎಂಬ ಗೆರೆ ಹಾಕಿದ ಗಾಜಿನ ಕೊಳವೆಯಿಂದ ಬಣ್ಣ ಹೋಗುವವರೆಗೆ ಹನಿಹನಿಯಾಗಿ ಬಿಟ್ಟರೆ, ಖರ್ಚಾದ ಪ್ರತಿ ಮಿ.ಲೀ.ಗೆ ಲೀಟರಿಗೆ 1 ಮಿ.ಗ್ರಾಂ ಆಮ್ಲಜನಕ. ನೀರನ್ನು ನೀಲಿ ಮಾಡುವ ಪಿಷ್ಟವನ್ನು ಬಣ್ಣ ತೆಳು ಹಳದಿಗೆ ಇಳಿದ ಮೇಲೇ ಹಾಕಬೇಕು. ಹೊಸಬರು ಅವಸರಪಟ್ಟು ಮೊದಲೇ ಹಾಕುತ್ತಾರೆ, ನೀಲಿ ಹೋಗುವ ಗಳಿಗೆ ಮಸುಕಾಗುತ್ತದೆ.

ಇದನ್ನು ಬೆಳಿಗ್ಗೆ 6ಕ್ಕೆ ಒಮ್ಮೆ, ಮಧ್ಯಾಹ್ನ 2ಕ್ಕೆ ಇನ್ನೊಮ್ಮೆ, ಅದೇ ಜಾಗದಲ್ಲಿ ಮಾಡಿಸುತ್ತೇವೆ. ಹಸಿರುಗಟ್ಟಿದ ನೀರಿನಲ್ಲಿ ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ಅದನ್ನೇ ಉಸಿರಾಡಿ ಖಾಲಿ ಮಾಡುತ್ತದೆ. ಮಧ್ಯಾಹ್ನದ ಅಂಕಿ ಮಾತ್ರ ನೋಡಿದವರು ಕೆರೆ ಸೊಗಸಾಗಿದೆ ಎಂದು ಬರೆದುಬಿಡುತ್ತಾರೆ. ಮೀನು ಬಾಯಿ ತೆರೆದು ಮೇಲೆ ಬರುವುದು ನಸುಕಿನಲ್ಲಿ ಎಂದು ಏರಿಯ ಮೇಲೆ ದಿನಾ ನಡೆಯುವವರು ಹೇಳಿದರೆ, ಮಾದರಿ ತೆಗೆಯುವ ಹೊತ್ತು ಯಾವುದೆಂದು ಅವರೇ ಹೇಳಿಕೊಟ್ಟ ಹಾಗೆ. ಪ್ರಶ್ನೆ ಕೇಳಲು ಬರದ ರಸಾಯನಶಾಸ್ತ್ರಜ್ಞರಿಗೆ ಈ ಮಾಹಿತಿ ಸಿಗುವುದೇ ಇಲ್ಲ.

ನಾಲ್ಕನೆಯ ವಾರ ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿಗೆ. ಈಗ ರಸಾಯನಶಾಸ್ತ್ರದವರು ಮಾತಾಡಿಸಬೇಕು. "ಎಷ್ಟು ಲೀಟರ್ ನೀರು ಬಳಸ್ತೀರಿ?" ಎಂಬ ಪ್ರಶ್ನೆಗೆ ಯಾವ ರೈತರಿಂದಲೂ ಉತ್ತರ ಬರುವುದಿಲ್ಲ. "ಅಣ್ಣ, ನೀರು ಬಂದು ಎಷ್ಟು ದಿನ ಆಯ್ತು? ಗದ್ದೆ ತುಂಬೋಕೆ ಎಷ್ಟು ಹೊತ್ತು ಹಿಡೀತು?" ಎಂದರೆ ಲೆಕ್ಕ ತಾನಾಗಿ ಬರುತ್ತದೆ. "ನಾಲ್ಕು ಬೆರಳು ನೀರು ನಿಲ್ಲಿಸ್ತೀವಿ" ಎಂದರೆ ಅವರ ಬೆರಳನ್ನೇ ಸ್ಕೇಲಿನಲ್ಲಿ ಅಳೆದುಕೊಳ್ಳಿ. ಒಂದು ಗುಂಟೆ ಎಂದರೆ 101 ಚದರ ಮೀಟರ್; 5 ಸೆಂ.ಮೀ. ನಿಂತರೆ ಸುಮಾರು 5,000 ಲೀಟರ್. ಮೇಲ್ಭಾಗದ ಗದ್ದೆಗಳಲ್ಲಿ ಮಾತ್ರ ಕೇಳಿ ಬಂದರೆ ಆ ಹಾಳೆ ನಾವು ತೆಗೆದುಕೊಳ್ಳುವುದಿಲ್ಲ. ನಾಲೆಯ ಕೊನೆಭಾಗದವರೂ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯೂ ಅದರಲ್ಲಿರಬೇಕು. ನಾಟಿಯ ದಿನಗಳಲ್ಲಂತೂ ಹೋಗಲೇಬೇಡಿ, ಅವರ ಕೂಲಿಯಾಳುಗಳ ಹೊತ್ತು ಹಾಳಾಗುತ್ತದೆ.

ಅಂಕಿ ಜೋಡಿಸುವಾಗ ಅಳತೆಯ ಗೊಂದಲವೇ ದೊಡ್ಡದು. ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ, ಆಗಿನ ಸಂಗ್ರಹ 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). 100 ಅಡಿ ಎಂದರೆ ಶೇ. 80 ತುಂಬಿದೆ ಎಂದು ನಕ್ಷೆ ಬರೆದು ತರುವವರಿದ್ದಾರೆ. ಜಲಾಶಯ ಮೇಲೆ ಹೋದಂತೆ ಅಗಲವಾಗುವುದರಿಂದ ಆಗ ಇರುವುದು ಅರ್ಧಕ್ಕಿಂತ ಕಡಿಮೆ. ಅಡಿಯನ್ನು ಟಿಎಂಸಿ ಕೋಷ್ಟಕದಲ್ಲೇ ನೋಡಬೇಕು. ಹರಿವಿಗೆ 1 ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಪ್ರತಿ ಅಂಕಿಯ ಪಕ್ಕ ಮೂಲ ಅಳತೆ, ದಿನಾಂಕ, ಗಂಟೆ, ಅಳೆದವರ ಹೆಸರು ಇರಲೇಬೇಕು.

ಲೇಖನದಲ್ಲಿ ಯಾರ ಹೆಸರು ಮೊದಲು ಎಂಬುದನ್ನು ಮಾದರಿ ತೆಗೆಯುವ ಮುಂಚೆಯೇ ಬರೆದಿಟ್ಟು ಎಲ್ಲರೂ ಸಹಿ ಹಾಕುತ್ತಾರೆ. ಆರನೆಯ ವಾರ ಜೋಡಿಗಳು ಅಂಕಿಗಳನ್ನು ಗುಂಟೆ, ಬೆರಳುಗಳಿಗೆ ಮತ್ತೆ ತಿರುಗಿಸಿ, ಉತ್ತರ ಕೊಟ್ಟ ರೈತರ ಮುಂದೆ ಓದುತ್ತಾರೆ. ಅವರು ತಿದ್ದಿದ್ದು ಅದೇ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಸೇರುತ್ತದೆ. ಸಂಶೋಧನೆಯ ವಿಷಯ ಆರಿಸುವುದು ಆ ಹಾಳೆ ಮುಂದಿಟ್ಟುಕೊಂಡೇ.