ಗಂಡುಮಕ್ಕಳ ಅನಾಥಾಲಯ ನಡೆಸುವ ಚರ್ಚು, ಟ್ರಸ್ಟುಗಳಿಗೆ: ಕಾಗದ, ಅಡುಗೆಮನೆ, ಹಾಸಿಗೆ

ಜೂನ್ ಹತ್ತಿರ ಬಂದಂತೆ, ಯಾವುದೋ ಊರಿನ ಪಾಸ್ಟರ್ ಬರೆದುಕೊಟ್ಟ ಚೀಟಿ ಹಿಡಿದು ತಾಯಂದಿರು ಮಗನನ್ನು ಕರೆತರುತ್ತಾರೆ. ಕನಿಕರಪಟ್ಟು ಅಲ್ಲೇ ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡು ಹಾಸಿಗೆ ತೋರಿಸಿದರೆ ಮುಂದಿನ ತೊಂದರೆಗಳೆಲ್ಲ ಅಲ್ಲಿಂದಲೇ ಶುರು.

2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಹುಡುಗನನ್ನು ಅನಾಥಾಲಯದಲ್ಲಿ ಇರಿಸುವ ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. ಫಾದರೂ ಅಲ್ಲ, ಟ್ರಸ್ಟಿಯೂ ಅಲ್ಲ. ದಿಕ್ಕಿಲ್ಲದ ಹುಡುಗ ಸಿಕ್ಕರೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಅವನು ಸಮಿತಿಯ ಮುಂದೆ ಇರಬೇಕು. ಸಂಸ್ಥೆಗೇ 41ನೇ ಸೆಕ್ಷನ್ ಪ್ರಕಾರ ನೋಂದಣಿ ಬೇಕು; ಅದರ ಅವಧಿ 5 ವರ್ಷ. ನೋಂದಣಿ ಇಲ್ಲದಿದ್ದರೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ‘ನಮ್ಮದು ಅನಾಥಾಲಯ ಅಲ್ಲ, ಬರೀ ಹಾಸ್ಟೆಲ್’ ಎಂದು ಬೋರ್ಡು ಬದಲಿಸುವ ಉಪಾಯ ಹಳೆಯದು. ಒಳಗೆ ಇರುವವರು ದಿಕ್ಕಿಲ್ಲದ ಮಕ್ಕಳೇ ಆದರೆ ಬೋರ್ಡು ಯಾರನ್ನೂ ಕಾಪಾಡದು.

ಚೀಟಿ ಹಿಡಿದು ಬಂದ ತಾಯಿಗೆ ಮೊದಲು ಕೇಳಬೇಕಾದ್ದು ಒಂದೇ: ತಿಂಗಳಿಗೆ ಇಷ್ಟು ದುಡ್ಡು ಸಿಕ್ಕರೆ ಮಗನನ್ನು ಮನೆಯಲ್ಲೇ ಇಟ್ಟುಕೊಂಡು ಓದಿಸುತ್ತೀಯೇನಮ್ಮಾ? ಹೌದೆಂದರೆ ಅವನಿಗೆ ಬೇಕಾದ್ದು ಅನಾಥಾಲಯವಲ್ಲ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅರ್ಜಿ ತುಂಬಿಸಿ, ಜೊತೆಗೊಬ್ಬರನ್ನು ಕಳಿಸಿಕೊಡಿ. ಬಡತನವೊಂದೇ ಕಾರಣವಾಗಿ ಮಗುವನ್ನು ಮನೆಯಿಂದ ಬಿಡಿಸಬಾರದು, ಸಂಸ್ಥೆ ಕೊನೆಯ ದಾರಿ ಎನ್ನುವುದು ಕಾಯ್ದೆಯ ಮೂಲ ನಿಲುವು. ಹಾಸಿಗೆ ಖಾಲಿ ಉಳಿದರೆ ದಾನಿಗಳಿಗೆ ಏನು ಹೇಳುವುದೆಂಬ ಚಿಂತೆ ಆಮೇಲಿನದು.

ಸೇರಿದ ಹುಡುಗನ ಕಾಗದಗಳಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಹೆಸರು. ಮನೆಯಲ್ಲಿ ಮಂಜುನಾಥ, ಅನಾಥಾಲಯದಲ್ಲಿ ಸ್ಯಾಮುಯೆಲ್, ಆಧಾರ್‌ನಲ್ಲಿ ಮತ್ತೊಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ಅದನ್ನು ಸರಿಮಾಡಿಸಲು ಅಫಿಡವಿಟ್ಟು, ಅಲೆದಾಟ. ಹುಟ್ಟಿದ ದಾಖಲೆಯಲ್ಲಿ ಇರುವ ಹೆಸರನ್ನೇ ಎಲ್ಲೆಡೆ, ಇನಿಷಿಯಲ್ ಸಮೇತ ಬರೆಯಿರಿ.

ಇನ್ನೊಂದು, ಶಾಲಾ ದಾಖಲಾತಿಯ ಧರ್ಮದ ಕಲಂ. ಪ್ರೀತಿಯಿಂದಲೋ ರೂಢಿಯಿಂದಲೋ ಅಲ್ಲಿ ‘ಕ್ರೈಸ್ತ’ ಎಂದು ತುಂಬುವವರಿದ್ದಾರೆ. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಆ ಒಂದು ಪದದಿಂದ ಹುಡುಗ ಮುಂದೆ ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಸೀಟು ಕಳೆದುಕೊಳ್ಳಬಹುದು. ಪರಿಶಿಷ್ಟ ಪಂಗಡಕ್ಕೆ ಈ ತೊಡಕಿಲ್ಲ. ಕುಟುಂಬದ ಕಾಗದದಲ್ಲಿ ಏನಿದೆಯೋ ಅದನ್ನೇ ಬರೆಯಿರಿ; ಜಾತಿ, ಆದಾಯ ಪ್ರಮಾಣಪತ್ರಗಳನ್ನು ತಾಯಿಯೋ ಚಿಕ್ಕಪ್ಪನೋ ಜೊತೆಗಿರುವಾಗಲೇ ನಾಡಕಚೇರಿಯಲ್ಲಿ ಮಾಡಿಸಿ. ಪ್ರಾರ್ಥನೆಯ ವಿಷಯಕ್ಕೂ ಇದೇ ಎಚ್ಚರ. ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಸಂಜೆ ಜಪಕ್ಕೆ ಬಾರದವನಿಗೆ ಊಟ ತಡವಾಗಿ ಬಡಿಸುವುದೂ ಬಲವಂತವೇ.

ಅಡುಗೆಮನೆಯ ಲೆಕ್ಕ ಸುಲಭ. ಬಾಲ ನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿ ಒಬ್ಬನಿಗೆ ದಿನಕ್ಕೆ ಅಕ್ಕಿ, ಗೋಧಿ, ರಾಗಿ, ಜೋಳ ಸೇರಿ 600 ಗ್ರಾಂ, 16 ದಾಟಿದವರಿಗೆ 700. ಬೇಳೆಕಾಳು 120, ಸೊಪ್ಪು 100, ಉಳಿದ ತರಕಾರಿ 130, ಎಣ್ಣೆ 25 ಗ್ರಾಂ, ಹಾಲು 150 ಮಿಲಿ. 50 ಹುಡುಗರಿಗೆ ಗುಣಿಸಿದರೆ ದಿನಕ್ಕೆ 30 ಕಿಲೋ ಧಾನ್ಯ, 6 ಕಿಲೋ ಬೇಳೆಕಾಳು, 5 ಕಿಲೋ ಸೊಪ್ಪು, ಆರೂವರೆ ಕಿಲೋ ತರಕಾರಿ, ಏಳೂವರೆ ಲೀಟರ್ ಹಾಲು. ಕೋಳಿ ಮಾಡುವ ದಿನ ತಲಾ 115 ಗ್ರಾಂನಂತೆ 5.75 ಕಿಲೋ. ಕೈಬಿಗಿ ಹಿಡಿಯುವವರು ಮೊದಲು ಕತ್ತರಿಸುವುದು ಬೇಳೆಯನ್ನು: ಸಾರು ತೆಳ್ಳಗಾಗುತ್ತದೆ, ಅನ್ನ ಹೆಚ್ಚಾಗುತ್ತದೆ, ಹೊಟ್ಟೆ ತುಂಬಿದಂತೆ ಕಾಣುತ್ತದೆ. ವಾರಕ್ಕೊಮ್ಮೆ ಬೇಳೆಯ ಡಬ್ಬಿ ತೂಗಿ, ಖರ್ಚಾದದ್ದನ್ನು ಹಾಜರಿಯಿಂದ ಭಾಗಿಸಿ. ಸಂಖ್ಯೆ ತಾನೇ ಹೇಳುತ್ತದೆ. ದಾನಿಗಳ ಹುಟ್ಟುಹಬ್ಬದ ಬಿರಿಯಾನಿಗೆ ಎರಡು ದಿನ ಮೊದಲೇ ಹೇಳಬೇಕೆಂಬ ಕಟ್ಟುಪಾಡಿರಲಿ. ಇಲ್ಲದಿದ್ದರೆ ಅವತ್ತಿನ ಅಡುಗೆಯೂ ಹಾಳು, ಮಕ್ಕಳ ಹೊಟ್ಟೆಯೂ ಹಾಳು.

ಮಲಗುವ ಕೋಣೆಗೆ ಲೆಕ್ಕ ತಲೆಗೆ 40 ಚದರಡಿ, ಅಂದರೆ 25 ಹುಡುಗರಿಗೆ 1,000. ಏಳು ಜನಕ್ಕೊಂದು ಕಕ್ಕಸು, ಹತ್ತು ಜನಕ್ಕೊಂದು ಬಚ್ಚಲು. ಜಾಗ ಸಾಲದ ಕಡೆ ಕಜ್ಜಿ ಖಾಯಂ ನೆಂಟ. ತುರಿಸಿಕೊಳ್ಳುವವನಿಗೆ ಮಾತ್ರ ಮುಲಾಮು ಹಚ್ಚಿದರೆ ತಿಂಗಳೊಳಗೆ ತಿರುಗಿ ಬರುತ್ತದೆ, ಏಕೆಂದರೆ ಹುಳು ಹೊಕ್ಕು ವಾರಗಳಾಗುವವರೆಗೂ ತುರಿಕೆ ಕಾಣಿಸದಿರಬಹುದು. ವೈದ್ಯರಿಗೆ ತೋರಿಸಿ, 5% ಪರ್ಮೆಥ್ರಿನ್ ಮುಲಾಮನ್ನು ಒಂದೇ ರಾತ್ರಿ ಕೋಣೆಯ ಎಲ್ಲರಿಗೂ, ಮಲಗುವ ಸಿಬ್ಬಂದಿಗೂ, ಕುತ್ತಿಗೆಯಿಂದ ಪಾದದವರೆಗೆ ಹಚ್ಚಿಸಿ. ಬೆರಳ ಸಂದು, ಉಗುರಿನ ಕೆಳಗೆ, ತೊಡೆಸಂದು ಬಿಡಬಾರದು. ಬೆಳಿಗ್ಗೆ ಸ್ನಾನ, ಬಟ್ಟೆ ಹೊದಿಕೆಗೆ ಬಿಸಿನೀರು. ಒಗೆಯಲಾಗದ್ದನ್ನು ಚೀಲದಲ್ಲಿ ಬಿಗಿದು ಮೂರು ದಿನ ಇಡಿ. ವಾರದ ಮೇಲೆ ಮತ್ತೊಮ್ಮೆ ಇದೇ ಸುತ್ತು.

ಹೊಡೆತ ಬೇಡ. ಸಂಸ್ಥೆಯಲ್ಲಿ ದೈಹಿಕ ಶಿಕ್ಷೆ ಬಾಲ ನ್ಯಾಯ ಕಾಯ್ದೆಯ 82ನೇ ಸೆಕ್ಷನ್ನಿನ ಅಪರಾಧ. 19ನೇ ಶತಮಾನದ ಟೂರಿನ್‌ನಲ್ಲಿ ಬೀದಿ ಹುಡುಗರನ್ನು ಸಾಕಿದ ಡಾನ್ ಬಾಸ್ಕೊ ಕೂಡ ಹೊಡೆತ ಬೇಡವೆಂದವರೇ. ಗಂಡುಮಕ್ಕಳಿಗೆ ಲೈಂಗಿಕ ದೌರ್ಜನ್ಯ ಆಗುವುದಿಲ್ಲವೆಂಬ ನಂಬಿಕೆ ಇನ್ನೂ ಅಪಾಯಕಾರಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಹುಡುಗರಿಗೂ ಅನ್ವಯಿಸುತ್ತದೆ. ತಿಳಿದೂ ಪೊಲೀಸರಿಗೆ ತಿಳಿಸದ ಮುಖ್ಯಸ್ಥನಿಗೆ 1 ವರ್ಷದವರೆಗೆ ಜೈಲು. ದೂರು ಪೆಟ್ಟಿಗೆಯ ಕೀಲಿ ವಾರ್ಡನ್ ಕೈಯಲ್ಲಿದ್ದರೆ ಅದು ಬರೀ ಪೆಟ್ಟಿಗೆ. ಮಕ್ಕಳ ಕೈಗೆಟುಕುವ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ದೊಡ್ಡದಾಗಿ ಬರೆಯಿಸಿ.

ದಾನಿಗಳಿಗೆ ಕಳಿಸುವ ಪತ್ರದಲ್ಲಿ ಹುಡುಗನ ಫೋಟೊ, ಹೆಸರು, ಊರು, ‘ತಂದೆ ಕುಡುಕ’ ಎಂಬ ಒಕ್ಕಣೆ ಬೇಡ. ಗುರುತು ಬಯಲುಮಾಡಿದರೆ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ನಿನಲ್ಲಿ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ವಿದೇಶಿ ಹಣ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಿದ್ದರೆ ಮಾತ್ರ, ಅದೂ ಎಸ್‌ಬಿಐ ದೆಹಲಿ ಮುಖ್ಯ ಶಾಖೆಯ ಖಾತೆಗೆ. ಅದರಲ್ಲಿ ಆಡಳಿತ ವೆಚ್ಚ ಶೇ. 20 ದಾಟಬಾರದು.

ಹದಿನೆಂಟು ತುಂಬಿದ ದಿನ ಟ್ರಂಕು ಕೊಟ್ಟು ಕಳಿಸಿಬಿಡುವ ಪದ್ಧತಿ ಇನ್ನೂ ಇದೆ. ಸಂಸ್ಥೆ ಬಿಟ್ಟವರಿಗೆ 21ರವರೆಗೆ ಪಾಲನೋತ್ತರ ನೆರವು ಸಿಗುತ್ತದೆ, ಆದರೆ ಹದಿನೇಳಕ್ಕೇ ಅರ್ಜಿಯ ಕೆಲಸ ಶುರುಮಾಡಿದರೆ ಮಾತ್ರ ಸಮಯಕ್ಕೆ ಕೈಗೆ ಬರುತ್ತದೆ. ಹೊರಡುವಾಗ ಅವನ ಕೈಯಲ್ಲಿ ಇರಬೇಕಾದ್ದು: ಜನನ ಪ್ರಮಾಣಪತ್ರ, ಆಧಾರ್, ಅಂಕಪಟ್ಟಿ, ಟಿಸಿ, ಜಾತಿ ಪ್ರಮಾಣಪತ್ರ, ಅವನ ಸಹಿಯಿಂದಲೇ ನಡೆಯುವ ಬ್ಯಾಂಕ್ ಪಾಸ್‌ಬುಕ್. ಪ್ರತಿಯೊಂದರ ಜೆರಾಕ್ಸ್ ನಿಮ್ಮ ಫೈಲಿನಲ್ಲಿರಲಿ. ಮೊದಲ ವರ್ಷದಲ್ಲೇ ಅವನು ಒಂದನ್ನಾದರೂ ಕಳೆದುಕೊಂಡು ಫೋನು ಮಾಡುತ್ತಾನೆ.